ರೋಡ್ ಓಟಗಾರನಿಗೆ ಕಾಫಿ ತೋಟದ ದಾರಿ ಎಷ್ಟು ಕಷ್ಟ?

ಮೈಸೂರು ಓಟಗಾರ:
ನಮಸ್ಕಾರ. ನಾನು ಓಡುವುದೆಲ್ಲ ಟಾರು ರಸ್ತೆಯಲ್ಲೇ. ವಾರದಲ್ಲಿ ಲಲಿತಮಹಲ್ ಕಡೆ, ಭಾನುವಾರ ಚಾಮುಂಡಿ ಬೆಟ್ಟದ ರಸ್ತೆ. ಹಾಫ್ ಮ್ಯಾರಥಾನ್ ಎರಡು ಗಂಟೆಯೊಳಗೆ ಮುಗಿಸುತ್ತೇನೆ. ಈಗ ಗೆಳೆಯರು ಚಿಕ್ಕಮಗಳೂರು ಕಡೆ ತೋಟದೊಳಗಿನ 30 ಕಿ.ಮೀ ಓಟಕ್ಕೆ ಬಾ ಅಂತ ಬೆನ್ನು ಹತ್ತಿದ್ದಾರೆ. ಲೆಕ್ಕ ಹಾಕಿದರೆ ಮೂರು ಗಂಟೆ ಸಾಕು ಅಲ್ವಾ? ಶೂ ಬೇರೆ ಬೇಕಾ? ಸುಮ್ನೆ ದುಡ್ಡು ದಂಡ ಆಗಬಾರದು.

ಮಲ್ಲಂದೂರಿನವಳು:
ಮೂರು ಗಂಟೆ ಮರೆತುಬಿಡಿ. ರೋಡಿನಲ್ಲಿ ಕಿಲೋಮೀಟರಿಗೆ ಐದೂವರೆ ನಿಮಿಷ ಓಡುವವರು ನಮ್ಮ ಕಡೆಯ ಏರಿನಲ್ಲಿ ಹತ್ತು ಹನ್ನೆರಡು ನಿಮಿಷ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಕಡಿದಾದ ಕಡೆ ಗೆಲ್ಲುವವರೂ ಮೊಣಕಾಲ ಮೇಲೆ ಕೈ ಒತ್ತಿಕೊಂಡು ನಡೆಯುತ್ತಾರೆ. ನೀವೂ ನಡೆಯಿರಿ, ಯಾರೂ ನಗುವುದಿಲ್ಲ. ವಾಚಿನಲ್ಲಿ ವೇಗದ ಬದಲು ಎದೆಬಡಿತ ನೋಡಿ.

ಎಲ್ಲರೂ ಏರಿಗೆ ಹೆದರುತ್ತಾರೆ. ನನ್ನ ಕೇಳಿದರೆ ಹೆದರಬೇಕಾದ್ದು ಇಳಿಜಾರಿಗೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆದುಕೊಳ್ಳುತ್ತಲೇ ಬ್ರೇಕ್ ಹಾಕಬೇಕು. ಅವತ್ತು ಏನೂ ಗೊತ್ತಾಗುವುದಿಲ್ಲ. ಮಾರನೇ ದಿನ, ಅದರ ಮಾರನೇ ದಿನ, ಗೋಡೆ ಹಿಡಿದೇ ಮೆಟ್ಟಿಲು ಇಳಿಯಬೇಕು. ನಿಮಗೆ ಊರಲ್ಲೇ ಚಾಮುಂಡಿಯ ಸಾವಿರ ಮೆಟ್ಟಿಲು ಇದೆಯಲ್ಲ! ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ರೂಢಿ ಮಾಡಿ.

ಇನ್ನು ದಾರಿ. ಮಳೆ ಮುಗಿದ ಮೇಲೂ ಸಿಲ್ವರ್ ಓಕ್ ಎಲೆ ಹಾಸಿಕೊಂಡಿರುತ್ತದೆ. ಮೇಲೆ ಒಣ ಎಲೆ, ಅಡಿಯಲ್ಲಿ ನೆನೆದ ಎಲೆ, ಅದರಡಿ ಬೇರೋ ಪಾಚಿಗಟ್ಟಿದ ಕಲ್ಲೋ, ಮೆಟ್ಟಿದ ಮೇಲೆಯೇ ತಿಳಿಯುವುದು. ಉದ್ದ ಹೆಜ್ಜೆ ಹಾಕಿದಿರೋ ಕಾಲು ಉಳುಕಿತು ಅಂತಲೇ. ಚಿಕ್ಕ ಹೆಜ್ಜೆ ಇಡಿ, ಕಣ್ಣು ಎರಡು ಮೂರು ಮಾರು ಮುಂದಿರಲಿ. ಅಡಿಯಲ್ಲಿ 4–5 ಮಿ.ಮೀ ಹಲ್ಲಿರುವ ಟ್ರೇಲ್ ಶೂ ತಗೊಳ್ಳಿ, ಅದು ದಂಡವಲ್ಲ. ಟಾರಿನ ಮೇಲೆ ಮಾತ್ರ ದಿನಾ ಓಡಬೇಡಿ, ಹಲ್ಲು ಸವೆದುಹೋಗುತ್ತದೆ.

ಕಬ್ಬನ್ ಪಾರ್ಕ್ ಬ್ಯಾಚ್:
ರೋಡನ್ನು ಅಷ್ಟು ಸಸಾರ ಮಾಡಬೇಡಿ ಮಾರಾಯ್ರೆ. ಒಂದೇ ವೇಗ ಹಿಡಿದು ಗಂಟೆಗಟ್ಟಲೆ ಓಡುವ ದಮ್ಮು ಬರುವುದು ರೋಡಿನಲ್ಲೇ. ಕಾಡಿನಲ್ಲಿ ಕಲ್ಲು ನೋಡುವುದರಲ್ಲೇ ಹೊತ್ತು ಹೋಗುತ್ತದೆ.

ಮಲ್ಲಂದೂರಿನವಳು:
ದಮ್ಮಿನ ಮಾತು ಒಪ್ಪಿದೆ. ಆದರೆ ಟಾರಿನಲ್ಲಿ ಪ್ರತಿ ಹೆಜ್ಜೆಯೂ ಒಂದೇ ಥರ, ಪೆಟ್ಟು ಬೀಳುವುದೂ ಒಂದೇ ಜಾಗಕ್ಕೆ. ಮೊಣಕಾಲು ಯಾಕೆ ನೋಯುತ್ತದೆ ಅಂತ ಆಮೇಲೆ ಕೇಳುತ್ತೀರಿ. ಇಲ್ಲಿ ಎರಡು ಹೆಜ್ಜೆ ಒಂದೇ ಥರ ಬೀಳುವುದಿಲ್ಲ, ಕಣಕಾಲು ತಾನಾಗಿ ಗಟ್ಟಿಯಾಗುತ್ತದೆ.

ಮೈಸೂರು ಓಟಗಾರ:
ಮೆಟ್ಟಿಲಿನ ಉಪಾಯ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಇಂಬಳದ (ಜಿಗಣೆಯ) ಭಯ ಒಂದಿದೆ, ನಗಬೇಡಿ. ಓಟಕ್ಕೆ ಮುಂಚೆ ಒಬ್ಬನೇ ಬಂದು ಪ್ರಾಕ್ಟೀಸ್ ಮಾಡಬಹುದಾ?

ಮಲ್ಲಂದೂರಿನವಳು:
ನಕ್ಕೆ, ಕ್ಷಮಿಸಿ. ನಿಂತವರಿಗೇ ಇಂಬಳ ಜಾಸ್ತಿ ಹತ್ತುವುದು, ಓಡುತ್ತಿರಿ. ಹತ್ತಿದರೆ ಎಳೆದು ಕೀಳಬೇಡಿ, ಕಚ್ಚಿದ ಜಾಗದ ಪಕ್ಕದಿಂದ ಉಗುರಿನಲ್ಲಿ ಮೆಲ್ಲಗೆ ತಳ್ಳಿ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಸ್ವಲ್ಪ ಹೊತ್ತು ಸೋರುತ್ತದೆ. ಗಾಬರಿ ಬೇಡ.

ಒಬ್ಬರೇ ಮಾತ್ರ ಬರಬೇಡಿ. ತೋಟ ಖಾಸಗಿ, ಕೆಲವು ಕಡೆ ಆನೆ ಓಡಾಟವೂ ಇದೆ. ಮೊದಲು ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳಬೇಕು. ಅವರು ಬೇಡ ಅಂದ ದಿನ ಬೇಡ, ವಾದ ಮಾಡಬಾರದು.

ಬರುವುದಾದರೆ ಹೂಮಳೆ ಬಿದ್ದ ಮೇಲೆ ಬನ್ನಿ, ಮಾರ್ಚ್–ಏಪ್ರಿಲ್‌ನಲ್ಲಿ. ಮಳೆಯಾಗಿ ಎಂಟು ಹತ್ತು ದಿನಕ್ಕೆ ಕಾಫಿ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ. ಆ ಘಮಕ್ಕೆ ನಾನಂತೂ ವಾಚು ಮನೆಯಲ್ಲೇ ಬಿಟ್ಟು ಓಡುತ್ತೇನೆ. ಜೇನುನೊಣ ತುಂಬಾ ಇರುತ್ತವೆ, ಸೆಂಟು ಗಿಂಟು ಹಾಕಿಕೊಂಡು ಬರಬೇಡಿ.