ಸಹಾಯ ಬೇಕು: ಅಪ್ಪನ ಕಣ್ಣೊಳಗಿನ ಇಂಪ್ಲಾಂಟ್ ಹೊರಗೆ ಕಾಣುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರು ಕಡೆಯವರು. 6 ವರ್ಷದ ಹಿಂದೆ ತೆಂಗಿನ ಗರಿ ಬಡಿದು ಅಪ್ಪನ ಬಲಗಣ್ಣು ಹೋಯಿತು. ಕಣ್ಣು ತೆಗೆದು, ಆ ಖಾಲಿ ಜಾಗ ತುಂಬಲು ಒಳಗೆ 20 ಮಿಲಿಮೀಟರಿನ ಗುಂಡು ಇಂಪ್ಲಾಂಟ್ ಕೂರಿಸಿದ್ದರು. ಮೇಲೆ ಹಾಕುವ ಕೃತಕ ಕಣ್ಣು ಬೇರೆ. (ಎರಡೂ ಒಂದೇ ಅಂತ ನಾವೂ ಅಂದುಕೊಂಡಿದ್ದೆವು.)

ಎರಡು ತಿಂಗಳಿಂದ ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ಹಳದಿ ಕಲೆ. ತೋರಿಸಿದ ಕಡೆ ಸುಮ್ನೆ ಡ್ರಾಪ್ಸ್ ಬರೆದು ಕಳಿಸಿದರು. ಮೊನ್ನೆ ಕೃತಕ ಕಣ್ಣು ತೊಳೆಯುವಾಗ ಟಾರ್ಚ್ ಹಾಕಿ ನೋಡಿದೆ. ಗುಲಾಬಿ ಪೊರೆಯ ನಡುವೆ ಅಕ್ಕಿಕಾಳಿನಷ್ಟು ಬಿಳಿ. ಅದು ಇಂಪ್ಲಾಂಟೇ ಅಂತೆ.

ಬರೀ ತೂತಾಗಿದ್ದರೆ ತೇಪೆ ಹಾಕಬಹುದು, ಒಳಗೆ ಸೋಂಕು ಇಳಿದಿದ್ದರೆ ಗುಂಡನ್ನೇ ತೆಗೆದು, ಸೊಂಟದ ಕೆಳಗಿನಿಂದ ಚರ್ಮದ ಒಳಪದರದ ಸಮೇತ ಕೊಬ್ಬು ತಂದು ತುಂಬಬೇಕು ಅಂತಾರೆ ಈಗಿನ ಡಾಕ್ಟರು. "ಕೂರೋ ಜಾಗದ ಕೊಬ್ಬು ಕಣ್ಣಿಗಾ!" ಅಂತ ಅಪ್ಪ ನಕ್ಕರು. ರಾತ್ರಿ ಮಾತ್ರ ನಿದ್ದೆ ಮಾಡಲಿಲ್ಲ.

ಯಾರ ಮನೆಯಲ್ಲಾದರೂ ಈ ಕೊಬ್ಬಿನ ಆಪರೇಷನ್ ಆಗಿದೆಯಾ? ಆಮೇಲೆ ಅದು ಕರಗಿ ಕಣ್ಣು ಗುಳಿ ಬಿತ್ತಾ? ಎಷ್ಟು ವಾರಕ್ಕೆ ಹೊಸ ಕೃತಕ ಕಣ್ಣು ಹಾಕಿಸಿದಿರಿ? ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಮಾಡಿಸಿದವರಿದ್ದರೆ ಖರ್ಚು ಎಷ್ಟಾಯಿತು ಅಂತಲೂ ತಿಳಿಸಿ. ಅಪ್ಪನಿಗೆ ಸಕ್ಕರೆ ಕಾಯಿಲೆಯೂ ಇದೆ, ಅದಕ್ಕೇ ಭಯ ಜಾಸ್ತಿ.