ಅಪ್‌ಡೇಟ್: ಅಪ್ಪನ ಸಾವು, ಅಮ್ಮನ ಪಿಂಚಣಿ

ಸೇನೆಯಲ್ಲಿದ್ದಾಗ ಶುರುವಾದ ಹೃದಯದ ಕಾಯಿಲೆಯಿಂದಲೇ ಅಪ್ಪ ನಿವೃತ್ತಿಯ ನಂತರ ತೀರಿಕೊಂಡರು, ಅಮ್ಮನಿಗೆ ಸಾಮಾನ್ಯ ಕುಟುಂಬ ಪಿಂಚಣಿ ಮಾತ್ರ ಯಾಕೆ ಅಂತ ಕೇಳಿದ್ದೆ.

ರೆಸಿಡೆನ್ಸಿ ರಸ್ತೆಯ ಸೈನಿಕ ಕಲ್ಯಾಣ ಇಲಾಖೆಯಲ್ಲಿ ಕಾಗದಗಳನ್ನು ತಾಳ್ಮೆಯಿಂದ ನೋಡಿದರು. ಸಾವಿಗೆ ಸೇವೆಯೇ ಕಾರಣ ಎಂದು ಒಪ್ಪಿದರೆ ವಿಶೇಷ ಕುಟುಂಬ ಪಿಂಚಣಿ ಸಿಗುತ್ತದೆ. ಸಾಮಾನ್ಯದ್ದು ಕೊನೆಯ ಸಂಬಳದ ಶೇ 30, ಇದು ಶೇ 60. ಅಮ್ಮನ ಔಷಧಿ ಖರ್ಚಿಗೆ ಅದು ತುಂಬಾ ದೊಡ್ಡದು.

ಮೊದಲ ಅರ್ಜಿ ತಿರಸ್ಕಾರವಾಯಿತು. ಅಪ್ಪ ಗಡಿಯಲ್ಲಿ ಇರಲಿಲ್ಲವಂತೆ! ಇದು ಅನ್ಯಾಯ ಅಲ್ವಾ? ಸೇನೆಗೆ ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಿಂದಲೇ ಬಂತೆಂದು ಭಾವಿಸಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಅವರ ಅಂಗವೈಕಲ್ಯ ಪಿಂಚಣಿ ಪ್ರಕರಣದಲ್ಲಿ ಹೇಳಿದೆ. ಅದನ್ನೇ ಹಿಡಿದು ಮೇಲ್ಮನವಿ ಹಾಕಿದ್ದೇವೆ. ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುತ್ತೇವೆ. ಸುಮ್ನೆ ಬಿಡುವುದಿಲ್ಲ.

ನಿಮ್ಮ ಮನೆಯಲ್ಲೂ ಮಾಜಿ ಸೈನಿಕರಿದ್ದರೆ, ಸೇನೆಯ ವೈದ್ಯಕೀಯ ಮಂಡಳಿಯ (ಕಾಯಿಲೆಯನ್ನು ಪರೀಕ್ಷಿಸುವ ವೈದ್ಯರ ತಂಡ) ವರದಿಯನ್ನು ಜೋಪಾನವಾಗಿಡಿ.