ಹೆವಿ ಮೆಟಲ್ ಹಾಡಿನ ಮಿಕ್ಸಿಂಗ್: ಯಾರ ಸೌಂಡ್ ಹಿಡಿಯುವುದು? ಅನುಭವ ಹೇಳಿ

ಕುಂಬಳೆಯಿಂದ: ನಾವು ನಾಲ್ಕು ಜನ, ಮನೆಯಲ್ಲೇ ಮೂರು ಹಾಡು ರೆಕಾರ್ಡ್ ಮಾಡಿದ್ದೇವೆ. ಗಿಟಾರ್ ಒಂದೇ ಕೇಳಿದರೆ ಬೆಂಕಿ. ಡ್ರಮ್ಸ್, ಬೇಸ್ ಸೇರಿಸಿದ ಕೂಡಲೇ ಎಲ್ಲ ಕಲಸುಮೇಲೋಗರ. ಯಾವ ಪ್ರೊಡ್ಯೂಸರ್‌ನ ಮಿಕ್ಸ್ ಕೇಳಿ ಕಲಿಯಬಹುದು?

ಬದಿಯಡ್ಕದಿಂದ: ಮೊದಲು ಗೇನ್, ಅಂದರೆ ಗಿಟಾರಿನ ಸದ್ದನ್ನು ಒರಟು ಮಾಡುವ ನಾಬ್, ಇಳಿಸಿ ಮಾರಾಯ್ರೆ. ನಾನೂ ಅದೇ ಹೊಂಡಕ್ಕೆ ಬಿದ್ದವನು. ಸ್ವೀಡನ್ನಿನ ಸನ್‌ಲೈಟ್ ಸ್ಟುಡಿಯೋದಲ್ಲಿ ಟೊಮಾಸ್ ಸ್ಕೋಗ್ಸ್‌ಬರ್ಗ್ ಮಾಡಿದ ಸೌಂಡ್ ಅಂದರೆ ನನಗೆ ಹುಚ್ಚು. ಎಂಟೂಂಬ್ಡ್ ಬ್ಯಾಂಡಿನ 1990ರ 'ಲೆಫ್ಟ್ ಹ್ಯಾಂಡ್ ಪಾತ್' ಕೇಳಿ, ಗಿಟಾರ್ ಅಂದರೆ ಮರ ಕೊಯ್ಯುವ ಮೆಷಿನ್ನೇ. ಬಾಸ್ ಕಂಪೆನಿಯ ಎಚ್‌ಎಂ-2 ಪೆಡಲಿನ (ಗಿಟಾರಿನ ಸದ್ದು ಒರಟು ಮಾಡುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ನಾಲ್ಕೂ ನಾಬ್ ಪೂರ್ತಿ ತಿರುಗಿಸುವುದು, ಅದೇ ಗುಟ್ಟು. ನಾನೂ ತಿರುಗಿಸಿದೆ. ಮನೆ ಇನ್ವರ್ಟರ್ ಮೇಲೆ ಓಡುತ್ತಿತ್ತು, ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನಿಲ್ಲಿಸಿದರೂ ಜೀರುಂಡೆ ಹಾಗೆ ಗುಂಯ್ ಅನ್ನುವುದು ನಿಲ್ಲಲಿಲ್ಲ, ಸಾಲದ್ದಕ್ಕೆ ತಗಡಿನ ಮಾಡಿನ ಮೇಲೆ ಆಟಿಯ ಮಳೆ ಬೇರೆ. ಆ ಸೌಂಡಿನಲ್ಲಿ ಗಿಟಾರೇ ನಡುವಿನ ಜಾಗವೆಲ್ಲ ನುಂಗುತ್ತದೆ, ಉಳಿದವರು ಸರಿದು ಕೂರಬೇಕು. ನನ್ನ ಮಿಕ್ಸಿನಲ್ಲಿ ಯಾರೂ ಸರಿಯಲಿಲ್ಲ.

ಆಮೇಲೆ ಇಂಗ್ಲೆಂಡಿನ ಮೆಟಲ್ ಪ್ರೊಡ್ಯೂಸರ್ ಆಂಡಿ ಸ್ನೀಪ್ ದಾರಿ ಹಿಡಿದೆ. ಟ್ಯೂಬ್ ಸ್ಕ್ರೀಮರ್ ಪೆಡಲಿನ ಡ್ರೈವ್ (ಒರಟುತನದ ನಾಬ್) ಸೊನ್ನೆಗಿಟ್ಟು, ಲೆವೆಲ್ (ಸದ್ದಿನ ಜೋರು) ಮಾತ್ರ ಏರಿಸಿ ಆಂಪ್‌ಗೆ, ಅಂದರೆ ಗಿಟಾರಿನ ಆಂಪ್ಲಿಫೈಯರ್‌ಗೆ, ಕೊಡುವುದು. ಕೆಳಗಿನ ಗುಮ್ಮೆನ್ನುವ ಸದ್ದು ಆಂಪ್ ಮುಟ್ಟುವ ಮೊದಲೇ ತೆಳ್ಳಗಾಗುತ್ತದೆ. ಒಂದೇ ರಿಫ್ಫನ್ನು ಎರಡು ಸಲ ನುಡಿಸಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿ. ಕಾಪಿ ಪೇಸ್ಟ್ ಮಾಡಿದರೆ ಆಗುವುದಿಲ್ಲ, ನಿಜವಾಗಿ ಎರಡು ಸಲ ನುಡಿಸಬೇಕು. ಅದಕ್ಕೇ ನನ್ನ ತಮ್ಮ ಮುನಿಸಿಕೊಂಡದ್ದು. ಗಿಟಾರಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಕತ್ತರಿಸಿದೆ. ಈಗ ಗಿಟಾರ್ ಒಂದೇ ಕೇಳಿದರೆ ಪೇಲವ, ನಾಚಿಕೆಯಾಗುವಷ್ಟು. ಬೇಸ್ ಸೇರಿದಾಗ ಮಾತ್ರ ಎದೆಗೆ ಗುದ್ದುತ್ತದೆ.

ಮಂಜೇಶ್ವರದಿಂದ: ಕಿಕ್ ಡ್ರಮ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ. ಪ್ಯಾಂಟೆರಾ ಬ್ಯಾಂಡಿನ 1992ರ ಆಲ್ಬಮ್ಮಿನಲ್ಲಿ ಪ್ರೊಡ್ಯೂಸರ್ ಟೆರ್ರಿ ಡೇಟ್ ಹಿಡಿದ ಕಿಕ್ ಕೇಳಿ, ಟಕ್ ಟಕ್ ಅಂತ ಮೇಲೆ ಕುಟ್ಟುತ್ತದೆ. ಯಕ್ಷಗಾನ ಆಟದಲ್ಲಿ ಚೆಂಡೆಯ ಪೆಟ್ಟು ಗದ್ದೆಯಾಚೆಗೂ ಕೇಳುತ್ತದಲ್ಲ, ಅದೇ ಲೆಕ್ಕ. ಸುಮ್ನೆ ಕೆಳಗಿನ ಧಮ್ ಜಾಸ್ತಿ ಮಾಡಿದರೆ ಕಿಕ್ಕೂ ಬೇಸೂ ಒಂದೇ ಗುಂಡಿಯಲ್ಲಿ ಹೊರಳಾಡುತ್ತವೆ.

ಹಾಗಂತ ಬೇಸ್ ಪೂರ್ತಿ ಇಳಿಸಬೇಡಿ. ಮೆಟಾಲಿಕಾದ 1988ರ '...ಆಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಬೇಸ್ ಎಲ್ಲಿದೆ ಅಂತ ಹುಡುಕಬೇಕು. ಅದಕ್ಕೆ ಪ್ರೊಡ್ಯೂಸರ್ ಫ್ಲೆಮಿಂಗ್ ರಾಸ್‌ಮುಸೆನ್‌ಗೆ ಬಯ್ಯುವವರಿದ್ದಾರೆ, ಪಾಪ. ಮಿಕ್ಸ್ ಮಾಡಿದ್ದು ಸ್ಟೀವ್ ಥಾಂಪ್ಸನ್, ಮೈಕೆಲ್ ಬಾರ್ಬಿಯೆರೋ. ಇಳಿಸಲು ಹೇಳಿದ್ದು ಬ್ಯಾಂಡಿನವರೇ ಅಂತ ಥಾಂಪ್ಸನ್ ಹೇಳಿದ್ದಾರೆ.

ಮುಳ್ಳೇರಿಯದಿಂದ: ಆಂಪ್ ಮೈಕಿನಲ್ಲಿ ಹಿಡಿಯುವುದಾದರೆ ಸ್ವೀಡನ್ನಿನ ಸ್ಟುಡಿಯೋ ಫ್ರೆಡ್‌ಮನ್‌ನ ಪ್ರೊಡ್ಯೂಸರ್ ಫ್ರೆಡ್ರಿಕ್ ನೋರ್ಡ್‌ಸ್ಟ್ರೋಮ್ ಉಪಾಯ ನೋಡಿ. ಎರಡು ಎಸ್‌ಎಂ57 ಮೈಕ್, ಒಂದು ನೇರ, ಪಕ್ಕದ್ದು 45 ಡಿಗ್ರಿ ಓರೆ. ಇಕ್ಯೂ (ದಪ್ಪ, ತೆಳು ಸದ್ದು ಏರಿಳಿಸುವ ಈಕ್ವಲೈಸರ್) ಮುಟ್ಟುವ ಕೆಲಸ ಅರ್ಧ ಕಡಿಮೆ.

ಕುಂಬಳೆಯಿಂದ: ಡ್ರೈವ್ ಸೊನ್ನೆ ಅಂದರೆ ಪೂರ್ತಿ ಸೊನ್ನೆಯಾ? ಮತ್ತೆ ತಮ್ಮನನ್ನು ಒಪ್ಪಿಸಿದ್ದು ಹೇಗೆ?

ಬದಿಯಡ್ಕದಿಂದ: ಪೂರ್ತಿ ಸೊನ್ನೆ. ತಮ್ಮನಿಗೆ ಎರಡು ಪ್ಲೇಟ್ ಗೋಳಿಬಜೆ.